ಎಡಗಣ್ಣಿನ ರೆಪ್ಪೆ

ಬೇಸಿಗೆ ಆಗಷ್ಟೇ ಶುರುವಾಗಿತ್ತು. ಬೆಳಗಿನ ಏಳು ಗಂಟೆಗೆ ಯಜಮಾನರ ಹೊಸ ಕಾರು ಬಂಗಲೆಯ ಗೇಟಿನೊಳಗೆ ಬಂದಾಗ, ಹಲ್ಲುಜ್ಜುತ್ತಿದ್ದ ವಾಚ್‌ಮನ್ ಬಾಯಿ ಮುಕ್ಕಳಿಸುವುದನ್ನೂ ಮರೆತು ನಿಂತ. ಬ್ಯಾಟರಿಯಲ್ಲಿ ಓಡುವ ಕಾರು, ಬಂದದ್ದೇ ಅವನಿಗೆ ಕೇಳಿಸಿರಲಿಲ್ಲ. ಕಂಪನಿಯವನು ಯಜಮಾನರಿಗೆ ಒಂದೊಂದಾಗಿ ತೋರಿಸಿದ. ಸ್ಟೀರಿಂಗಿನ ಹಿಂದೆ ಅಂಗಿಯ ಗುಂಡಿಯಷ್ಟು ಅಗಲದ ಕ್ಯಾಮೆರಾ. ಡ್ರೈವರ್ ತೂಕಡಿಸಿದರೆ ಕಾರು ಕೂಗುತ್ತದೆ, ಯಜಮಾನರ ಫೋನಿಗೂ ಸುದ್ದಿ ಹೋಗುತ್ತದೆ.

ಡ್ರೈವರನ ಎಡಗಣ್ಣಿನ ರೆಪ್ಪೆ ಹುಟ್ಟಿನಿಂದಲೇ ಜೋಲು. ಬೀದಿಯವರೆಲ್ಲ ಅವನನ್ನು ಅರೆಗಣ್ಣ ಎಂದೇ ಕರೆಯುತ್ತಿದ್ದರು. ಆ ಕಣ್ಣಿಟ್ಟುಕೊಂಡೇ ಅವನು ಇಪ್ಪತ್ತಾರು ವರ್ಷ ಆ ಮನೆಯ ಕಾರು ಓಡಿಸಿದ್ದ. ಒಂದು ಗೀರು ಬಿದ್ದಿರಲಿಲ್ಲ. ಹೊಸ ಕಾರು ಮೊದಲ ದಿನವೇ ಹನ್ನೊಂದು ಸಲ ಕೂಗಿತು. "ನೀವು ದಣಿದಿದ್ದೀರಿ, ವಿಶ್ರಾಂತಿ ತೆಗೆದುಕೊಳ್ಳಿ" ಎಂದು ಒಂದು ಹೆಣ್ಣುದನಿ.

"ಏನಂತಾಳೋ ನಿನ್ನ ಹೊಸ ಅತ್ತೆ?" ಎಂದ ವಾಚ್‌ಮನ್.

"ಮಲಗು ಅಂತಾಳೆ. ಇಷ್ಟು ವರ್ಷದಲ್ಲಿ ಈ ಮನೇಲಿ ನನಗೆ ಮಲಗು ಅಂದೋಳು ಇವಳೊಬ್ಬಳೇ ಕಣೋ."

"ದುಡ್ಡು ಜಾಸ್ತಿ ಆದ್ರೆ ನೋಡು, ಆಳಿನ ಮೇಲೆ ಕಣ್ಣಿಡೋಕೂ ಪುರುಸೊತ್ತು ಇರಲ್ಲ. ಅದಕ್ಕೂ ಒಂದು ಮಿಷಿನ್."

ಇಬ್ಬರೂ ನಕ್ಕರು. ವಾರ ಕಳೆಯುವಷ್ಟರಲ್ಲಿ ನಗು ನಿಂತಿತು. ಯಜಮಾನರು ಫೋನು ಹಿಡಿದುಕೊಂಡೇ ಅವನನ್ನು ಕರೆದರು.

"ನಿನ್ನ ಕಣ್ಣು ನನಗೆ ಗೊತ್ತಿಲ್ವೇನಯ್ಯಾ? ಆದ್ರೆ ಇದು ವಿಮೆಯವರಿಗೂ ಹೋಗುತ್ತೆ. ಇನ್ನೊಂದು ತಿಂಗಳು ಹೀಗೇ ಬಂದ್ರೆ ಬೇರೆಯವರನ್ನ ನೋಡಬೇಕಾಗುತ್ತೆ."

"ಅದನ್ನ ಆಫ್ ಮಾಡಿಸೋಕೆ ಆಗಲ್ವಾ ಸಾರ್?"

"ಅಷ್ಟು ದುಡ್ಡು ಸುರಿದಿರೋದು ಅದಕ್ಕೇ ತಾನೆ?"

ಆಫ್ ಮಾಡಿಸಿದ್ದು ಬೇರೆಯದನ್ನು. ಕಂಬ, ಹೂಕುಂಡ, ಬೆಕ್ಕು, ಯಾವುದು ಎದುರಾದರೂ ಕಾರು ತಾನಾಗಿ ನಿಂತು ಕಿರುಚುತ್ತಿತ್ತು. ಅಮ್ಮಾವ್ರಿಗೆ ತಲೆನೋವು ಬರುತ್ತದೆಂದು ಮೊದಲ ವಾರವೇ ಅದರ ಬಾಯಿ ಕಟ್ಟಿಸಿದ್ದರು. ಹೊರಗೆ ನೋಡುವ ಕಣ್ಣು ಮುಚ್ಚಿತು, ಡ್ರೈವರನನ್ನು ನೋಡುವ ಕಣ್ಣು ಉಳಿಯಿತು.

ಕೆಲಸ ಹೋದರೆ, ಅವನೂ ಹೆಂಡತಿಯೂ ಇದ್ದ ಹಿತ್ತಲ ಕೋಣೆಯೂ ಹೋಗುತ್ತದೆ. ಮರುದಿನ ಬೆಳಗ್ಗೆ ಅವಳು ಗಾಯಕ್ಕೆ ಅಂಟಿಸುವ ಟೇಪನ್ನು ಅಕ್ಕಿಕಾಳಿನಷ್ಟು ಸಣ್ಣಗೆ ಸೀಳಿದಳು.

"ಅಲ್ಲಾಡಬೇಡಿ ಅಂದ್ರೆ! ಚಿಕ್ಕ ಮಕ್ಕಳಿಗಿಂತ ಕಡೆ ನೀವು."

ರೆಪ್ಪೆಯನ್ನು ಎತ್ತಿ ಹುಬ್ಬಿನ ಕೆಳಗೆ ಅಂಟಿಸಿದಳು. ಅವಳು ಅವನ ಎಡಗಣ್ಣನ್ನು ಪೂರ್ತಿಯಾಗಿ ನೋಡಿದ್ದು ಅದೇ ಮೊದಲು.

ಕಾರು ಕೂಗುವುದನ್ನು ಬಿಟ್ಟಿತು. ಮೂರು ವಾರಕ್ಕೆ ಯಜಮಾನರು ಬೆನ್ನು ತಟ್ಟಿದರು. "ನೋಡು, ಈಗ ಹೇಗೆ ಚುರುಕಾಗಿದ್ದೀಯ! ಮಿಷಿನ್ ಇದ್ರೇನೇ ಶಿಸ್ತು."

ಮುಚ್ಚಲಾಗದ ಕಣ್ಣು ಒಣಗತೊಡಗಿತು. ಮೊದಲು ಉರಿ, ಆಮೇಲೆ ಕೆಂಪು, ಆಮೇಲೆ ಸೋಪಿನ ನೀರು ಬಿದ್ದ ಗಾಜಿನ ಹಾಗೆ ಎಡಗಡೆಯೆಲ್ಲ ಮಸುಕು. ಹೆಂಡತಿ ಬೇಡವೆಂದಳು. ಅವನು "ಈ ತಿಂಗಳೊಂದು ಕಳೀಲಿ" ಎಂದ.

ಗೇಟಿನ ಹತ್ತಿರ ಅವನಿಗೂ ವಾಚ್‌ಮನ್‌ಗೂ ಒಂದು ರೂಢಿ ಇತ್ತು. ವಾಚ್‌ಮನ್ ಗೇಟು ತೆರೆದು, ಬಗ್ಗಿ ಅಗುಳಿಯನ್ನು ನೆಲದ ತೂತಿಗೆ ಇಳಿಸಿ, ಪಕ್ಕಕ್ಕೆ ಸರಿದು ಕೈ ಎತ್ತಬೇಕು. ಆ ಕೈ ಕಾಣದೆ ಡ್ರೈವರ್ ಎಂದೂ ಕಾರು ಬಿಟ್ಟವನಲ್ಲ. ಆ ಸೋಮವಾರ ಬೆಳಗ್ಗೆ ಗಾಳಿ ಜೋರಾಗಿತ್ತು. ಗೇಟಿನ ಎಡ ಬಾಗಿಲ ಮೇಲೆ ವಾಚ್‌ಮನ್ ತನ್ನ ಟವೆಲು ಒಣಹಾಕಿದ್ದ. ಎಡಗಡೆಯ ಮಸುಕಿನಲ್ಲಿ ಏನೋ ಮೇಲಕ್ಕೆದ್ದದ್ದು ಕಂಡಿತು. ಡ್ರೈವರ್ ಅದನ್ನು ಗೆಳೆಯನ ಕೈ ಎಂದುಕೊಂಡು ಕಾರು ಬಿಟ್ಟ.

ಅಗುಳಿಯ ಮೇಲೆ ಬಗ್ಗಿದ್ದವನಿಗೆ ಕಾರಿನ ಸದ್ದು ಕೇಳಿಸಲಿಲ್ಲ.

ಡ್ರೈವರ್ ಇಳಿದು ಓಡಿಬಂದು ಪಕ್ಕದಲ್ಲಿ ಕೂತಾಗ ವಾಚ್‌ಮನ್‌ನ ಕಾಲು ಮಂಡಿಯ ಕೆಳಗೆ ತಿರುಚಿ ಬಿದ್ದಿತ್ತು. ಮನೆಯ ಮೆಟ್ಟಿಲಿನಲ್ಲಿ ಯಜಮಾನರ ಚಪ್ಪಲಿ ಸದ್ದು. ವಾಚ್‌ಮನ್ ಕೈ ಎತ್ತಿ, ಗೆಳೆಯನ ರೆಪ್ಪೆಯ ಮೇಲಿನ ಟೇಪನ್ನು ಕಿತ್ತು ಮುಷ್ಟಿಯಲ್ಲಿ ಮುಚ್ಚಿಕೊಂಡ.

"ಕಣ್ಣು ಮುಚ್ಕೊಳ್ಳೋ ಮಾರಾಯ," ಎಂದ, ಹಲ್ಲು ಕಚ್ಚಿಕೊಂಡು. "ಎಷ್ಟು ಕೆಂಪಾಗಿದೆ ನೋಡು."

ಆಸ್ಪತ್ರೆಯ ಮೊಗಸಾಲೆಯಲ್ಲಿ ಯಜಮಾನರು ಫೋನಿನಲ್ಲಿ ಬಂದದ್ದನ್ನು ಓದಿದರು. "ಎರಡೂ ಕಣ್ಣು ತೆರೆದಿತ್ತು, ಪೂರ್ತಿ ಎಚ್ಚರ ಇತ್ತು ಅಂತಿದೆ ಇಲ್ಲಿ. ಹಾಗಾದ್ರೆ ಬೇಕಂತಲೇ ಗುದ್ದಿದೆಯೇನಯ್ಯಾ?"

"ಕಾಣ್ಲಿಲ್ಲ ಸಾರ್."

"ಕಣ್ಣು ಬಿಟ್ಕೊಂಡಿದ್ದೋನಿಗೆ ಕಾಣದೆ ಏನು?"

ಅವನ ರೆಪ್ಪೆ ಎಂದಿನಂತೆ ಅರ್ಧಕ್ಕೆ ಇಳಿದಿತ್ತು. ಯಜಮಾನರು ಫೋನಿನಿಂದ ತಲೆ ಎತ್ತಲಿಲ್ಲ. ಟೇಪಿನ ಮಾತು ಅವನ ನಾಲಿಗೆಯ ತುದಿಯವರೆಗೆ ಬಂತು. ಮೋಸ ಎನ್ನುತ್ತಾರೆ ಎಂದು ನುಂಗಿಕೊಂಡ.

ವಾಚ್‌ಮನ್ ಶುಕ್ರವಾರ ಆಸ್ಪತ್ರೆಯಿಂದಲೇ ಮಗಳ ಮನೆಗೆ ಹೋದ. ಇನ್ನು ನಿಂತು ಮಾಡುವ ಕೆಲಸ ಅವನಿಂದ ಆಗದು ಎಂದರು ಡಾಕ್ಟರು. ಯಜಮಾನರು ಗೇಟಿಗೆ, ಕಾರನ್ನು ಕಂಡರೆ ತಾನೇ ತೆರೆದುಕೊಳ್ಳುವ ಮಿಷಿನ್ ಹಾಕಿಸಿದರು.

ಮುಂದಿನ ಬುಧವಾರ ಬೆಳಗ್ಗೆ ಡ್ರೈವರ್ ಒಂದು ಟ್ರಂಕು ಹೊತ್ತು, ಹೆಂಡತಿ ಎರಡು ಗಂಟು ಹಿಡಿದು ಗೇಟಿನ ಮುಂದೆ ನಿಂತರು. ಅದು ತೆರೆಯಲಿಲ್ಲ. ತಳ್ಳಿ ನೋಡಿದರು. ಹೆಂಡತಿ ಗಂಟು ಕೆಳಗಿಟ್ಟು ಕುಳಿತಳು. ಸುಮಾರು ಹೊತ್ತಿನ ಮೇಲೆ ಹೊಸ ಡ್ರೈವರ್ ಕಾರು ತಂದ. ಗೇಟು ಸರಿಯಿತು. ಕಾರು ದಾಟುವವರೆಗೆ ಕಾದು, ಅದರ ಹಿಂದೆಯೇ ಇಬ್ಬರೂ ಬೇಗ ಬೇಗ ಹೊರಗೆ ನಡೆದರು.