ಫ್ಲಾಪಿಯೊಳಗಿನ ನವಿಲು

ಬಂದವನು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಮರಿಯಮಬಿ ಮಗ್ಗದ ಮೇಲೆ ಹಳೆಯ ಚಾದರ ಎಳೆದಳು. ಅರ್ಧ ನೇಯ್ದ ಜಮಖಾನ ಮುಚ್ಚಿಹೋಯಿತು. ಅವನನ್ನು ಕರೆತಂದಿದ್ದ ನಾದಿನಿ ಶಗುಫ್ತಾಳಿಗೆ ನಗು ಬಂತು.

"ಭಾಭಿ, ಇಂವ ಕಾಶಿನಾಥ. ನನ್ನ ಜೋಡಿ ಇದ ನವಲಗುಂದದಾಗ ಕಂಪ್ಯೂಟರ್ ಕ್ಲಾಸಿಗೆ ಬರತಿದ್ದ. ಈಗ ಅಣ್ಣಿಗೇರಿಯೊಳಗ ಬ್ಯಾಟರಿ ಅಂಗಡಿ ಐತಿ. ಹೊರಗಿನಾಂವ ಅಲ್ಲ."

"ಫೋಟೋ ಹೊಡಕೊಂಡ ಹೋದಾಂವನೂ ಹೊರಗಿನಾಂವ ಅಲ್ಲ ಅಂತಿದ್ದ," ಎಂದಳು ಮರಿಯಮಬಿ. "ಕೂಡ್ರಿ ತಮ್ಮಾ. ಆ ಕಡೆ ಅಲ್ಲ, ಈ ಕಡೆ."

ಆ ಫೋಟೋದವನು ಪೇಪರಿನಲ್ಲಿ ಬರೆಯುತ್ತೇನೆಂದು ಬಂದು, ಚಹಾ ಕುಡಿದು, ಮಗ್ಗದ ಮುಂದೆ ಅವಳನ್ನೇ ಕೂರಿಸಿ ಫೋಟೋ ತೆಗೆದಿದ್ದ. ಪೇಪರಿನಲ್ಲಿ ಏನೂ ಬರಲಿಲ್ಲ. ಮುಂದಿನ ವರ್ಷ ಪೇಟೆಯ ಅಂಗಡಿಗಳಿಗೆ ಮಷಿನ್ ಜಮಖಾನ ಬಂದವು. ನಡುವೆ ಪಗಡೆಯ ಹಾಸು, ನಾಲ್ಕೂ ಮೂಲೆಗೆ ಇವಳದೇ ನವಿಲು. ಆದರೆ ಮಷಿನ್ನಿನವರಿಗೆ ನವಿಲಿನ ಕುತ್ತಿಗೆ ಬಾಗಿಸಲು ಬಂದಿರಲಿಲ್ಲ. ನೋಡಿದವರೆಲ್ಲ ಕೋಳಿ ಎಂದರು. ಅಗ್ಗವಾಗಿತ್ತು ಅಂತ ಕೊಂಡವರೂ ಕೋಳಿ ಎಂದೇ ಕೊಂಡರು. ಮರಿಯಮಬಿಯ ಗಿರಾಕಿಗಳು ಉಳಿದದ್ದು ಆ ಕುತ್ತಿಗೆಯಿಂದ.

ಕುತ್ತಿಗೆ ಬಾಗಿಸುವ ಎಳೆಗಳ ಲೆಕ್ಕ ಅವಳ ಅತ್ತೆ ಅಮೀರಬಿಯದು. ಅದನ್ನು ಯಾರೂ ಬರೆದಿಟ್ಟಿರಲಿಲ್ಲ. ಆ ಮನೆಯಲ್ಲಿ ನೇಯ್ಗೆಯನ್ನು ಸೊಸೆಗೆ ಕಲಿಸುತ್ತಿದ್ದರೇ ಹೊರತು ಮಗಳಿಗಲ್ಲ. ಮಗಳು ಇನ್ನೊಂದು ಮನೆಗೆ ಹೋಗುವವಳು, ಅವಳ ಜೊತೆ ಲೆಕ್ಕವೂ ಹೋಗುತ್ತದೆ. ಅತ್ತೆ ತೀರಿಕೊಂಡಿದ್ದಳು, ಮರಿಯಮಬಿಗೆ ಇನ್ನೂ ಸೊಸೆ ಬಂದಿರಲಿಲ್ಲ. ಇಬ್ಬರು ಕೂತು ನೇಯುವ ಮಗ್ಗದಲ್ಲಿ ಅವಳೊಬ್ಬಳೇ ಕೂಡುತ್ತಿದ್ದಳು.

ಕಾಶಿನಾಥ ಕೇಳಲು ಬಂದದ್ದು ಶಗುಫ್ತಾ ಈ ತವರುಮನೆಯ ಟ್ರಂಕಿನಲ್ಲಿ ಬಿಟ್ಟುಹೋಗಿದ್ದ ಫ್ಲಾಪಿಗಳನ್ನು. ಮದುವೆಗೆ ಮುಂಚೆ ಶಗುಫ್ತಾ ಕಂಪ್ಯೂಟರಿನಲ್ಲಿ ಆಡುವ ಪಗಡೆ ಆಟವೊಂದನ್ನು ಬರೆದಿದ್ದಳು. ಗುಜರಿಯಲ್ಲಿ ಸಿಕ್ಕ ಹಾರ್ಡ್ ಡಿಸ್ಕಿನಲ್ಲಿ ಆ ಆಟ ಅವನ ಕೈಗೆ ಬಂದಿತ್ತು. ಆದರೆ ಈಗಿನ ಕಂಪ್ಯೂಟರಿನಲ್ಲಿ ಅದು ಸರಿಯಾಗಿ ನಡೆಯುತ್ತಿರಲಿಲ್ಲ. ನಡೆಸಬೇಕೆಂದರೆ ಅವಳು ಬರೆದ ಮೂಲ ಕೋಡ್ ಬೇಕು. ಅದು ಇದ್ದದ್ದು ಆ ಫ್ಲಾಪಿಗಳಲ್ಲಿ ಮಾತ್ರ.

"ಹಿಂತಾ ಹಳೇ ಆಟದ ಕೋಡ್ ಹುಡುಕಿ ಇಂಟರ್ನೆಟ್ಟಿನಾಗ ಇಡತೇನ್ರಿ ಅಕ್ಕಾರ," ಎಂದ ಕಾಶಿನಾಥ. "ಯಾರ ಬೇಕಾದ್ರೂ ತಗೋಬಹುದು, ತಿದ್ದಬಹುದು. ತಿದ್ದಿದ್ದನ್ನ ಮತ್ತ ಎಲ್ಲಾರಿಗೂ ತೋರಿಸಬೇಕು, ಅಷ್ಟ. ಶಗುಫ್ತಾನೂ ಆವಾಗ ಎಲ್ಲಾರೂ ಆಡಲಿ ಅಂತನ ಬರದಾಳಂತ."

"ರೊಕ್ಕ?"

"ಇಲ್ರಿ, ಪುಕ್ಕಟ."

"ನಿಮಗೇನ ಸಿಗತೈತಿ?"

"ಏನೂ ಇಲ್ರಿ. ಆಟ ಉಳೀತೈತಿ."

"ಏನೂ ಲಾಭ ಇಲ್ಲದನ, ಅಂಗಡಿ ಬಾಗಲಾ ಹಾಕಿ ಇಲ್ಲೀತನಕ ಬಂದ್ರಿ," ಎಂದಳು ಮರಿಯಮಬಿ. "ನಿಮ್ಮ ಮನ್ಯಾಗ ಹೆಣಮಕ್ಕಳು ಏನೂ ಅನ್ನೂದಿಲ್ಲೇನ?"

"ಅಂತಾರ್ರಿ, ಭಾಳ ಅಂತಾರ." ಕಾಶಿನಾಥ ತಲೆ ಕೆರೆದುಕೊಂಡ. "ಖರೇ ಹೇಳಲೇನ್ರಿ? ಆ ಕ್ಲಾಸಿನಾಗ ನಾ ಈ ಆಟ ಒಂದ ಸಲನೂ ಗೆಲ್ಲಲಿಲ್ರಿ. ಗೆಲ್ಲೂ ಹೊತ್ತಿಗೆ ಕಂಪ್ಯೂಟರಿಗೆ ಬೇಕಾದ್ದ ದಾಳ ಬೀಳತಿತ್ತು. ಈಕಿ ಏನೋ ಮೋಸ ಮಾಡ್ಯಾಳ ಅಂತ ಇವತ್ತಿಗೂ ನನಗ ಸಂಶೆ ಐತಿ. ಕೋಡ್ ನೋಡಿದ್ರ ಗೊತ್ತಾಗತೈತಿ."

ಮರಿಯಮಬಿ ಅವನನ್ನು ಮೊದಲ ಸಲ ಸರಿಯಾಗಿ ನೋಡಿದಳು. ಪುಕ್ಕಟೆ ಉಪಕಾರದ ಮಾತಾಡುವವನನ್ನು ಅವಳು ನಂಬುತ್ತಿರಲಿಲ್ಲ. ಸೋತ ಸಿಟ್ಟನ್ನು ಇಷ್ಟು ವರ್ಷ ಇಟ್ಟುಕೊಂಡವನು ಬೇರೆ ಥರದ ಮನುಷ್ಯ. ಅಂಥವನನ್ನು ಸ್ವಲ್ಪ ಹೊತ್ತು ನಂಬಬಹುದು.

ಅಷ್ಟರಲ್ಲಿ ಅವನು ಲ್ಯಾಪ್‌ಟಾಪ್ ತೆರೆದು ಆಟ ಹಚ್ಚಿದ. ಕಪ್ಪು ಪರದೆಯ ಮೇಲೆ ಪಗಡೆಯ ಹಾಸು ಕೆಳಗಿನಿಂದ ಮೇಲಕ್ಕೆ ಸಾಲು ಸಾಲಾಗಿ, ಮಗ್ಗದ ಮೇಲೆ ಬೆಳೆಯುವ ಹಾಗೆಯೇ ಬೆಳೆಯಿತು. ಮೂಲೆಯಲ್ಲಿ ನೀಲಿ ಬಣ್ಣ ಕಾಣಿಸಿತು. ನವಿಲಿನ ಪಾದ, ಹೊಟ್ಟೆ. ಅಷ್ಟಕ್ಕೆ ಪರದೆ ನಡುಗಿ ನಿಂತುಬಿಟ್ಟಿತು.

"ಇಲ್ಲೇ ನಿಂದರತೈತ್ರಿ. ಅದಕ್ಕ ಕೋಡ್ ಬೇಕು," ಎಂದ ಕಾಶಿನಾಥ.

ಮರಿಯಮಬಿಗೆ ಅದು ಕೇಳಿಸಲಿಲ್ಲ. ಹೊಟ್ಟೆಯ ತಿರುವಿನಲ್ಲಿ ಎಳೆಗಳು ಬಿದ್ದಿದ್ದ ರೀತಿ ಅತ್ತೆಯ ಕೈಯದೇ.

"ಇದನ್ನ ನಿನಗ ಯಾರ ಕಲಿಸಿದರು?" ಎಂದು ಶಗುಫ್ತಾಳನ್ನು ಕೇಳಿದಳು.

"ಯಾರೂ ಕಲಿಸಿಲ್ಲ ಭಾಭಿ."

"ಸುಳ್ಳ ಹೇಳಬ್ಯಾಡ."

ಮರಿಯಮಬಿ ಸೊಸೆಯಾಗಿ ಬಂದ ವರ್ಷವೇ ಶಗುಫ್ತಾ ಮದುವೆಯಾಗಿ ಕುಂದಗೋಳಕ್ಕೆ ಹೋಗಿದ್ದಳು. ಅದಕ್ಕೂ ಮೊದಲು ತಾಯಿ ಮಗಳ ನಡುವೆ ಏನು ನಡೆಯಿತೋ ಯಾರು ಬಲ್ಲರು? "ನಿನಗೊಬ್ಬಾಕಿಗೆ ಕೊಡಾಕತ್ತೇನಿ" ಎಂದು ಕುರಾನಿನ ಆಣೆ ಹಾಕಿಸಿ ಅತ್ತೆ ಲೆಕ್ಕ ಹೇಳಿದ್ದಳು. ಹಡೆದ ಮಗಳಿಗೆ ಕದ್ದು ಮೊದಲೇ ಕೊಟ್ಟಿದ್ದಳೇ? ಹಾಗಿದ್ದರೆ ಆಣೆ ತನಗೊಬ್ಬಳಿಗೇ ಏಕೆ? ಕೋಡಿನಲ್ಲಿ ಕುತ್ತಿಗೆಯ ಲೆಕ್ಕವೂ ಇದ್ದರೆ ಈ ಬ್ಯಾಟರಿಯವನು ಅದನ್ನು ಜಗತ್ತಿಗೆಲ್ಲ ಹಂಚುತ್ತಾನೆ. ಮುಂದಿನ ವರ್ಷ ಮಷಿನ್ನಿನ ಕೋಳಿಗಳೆಲ್ಲ ನವಿಲಾಗುತ್ತವೆ.

ಅವಳು ಎದ್ದು ಹೋಗಿ ಟ್ರಂಕಿನಿಂದ ಫ್ಲಾಪಿಗಳನ್ನು ತಂದಳು. ಕೊಡಲೆಂದಲ್ಲ, ಒಳಗೇನಿದೆ ಎಂದು ತಿಳಿಯದೆ ಅವಳಿಗೆ ಆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಕಾಶಿನಾಥ ಅವುಗಳನ್ನು ಬೆಳಕಿಗೆ ಹಿಡಿದು ಲೊಚಗುಟ್ಟಿದ. ಎರಡಕ್ಕೆ ಪೂರಾ ಬೂಷ್ಟು ಹಿಡಿದಿತ್ತು. ಒಂದು ಮಾತ್ರ ಬದುಕುವ ಹಾಗಿತ್ತು.

"ಇದೂ ಒಂದ ಸಲ ಓದಿದ್ರ ದೊಡ್ಡದ್ರಿ. ಓದಿದ ಕೂಡಲೇ ನಕಲು ಇಟ್ಕೋಬೇಕು. ಇಲ್ಲಾಂದ್ರ ಹೋತು."

"ನಾ ಹೇಳೂತನಕ ನಕಲು ಇಡೂ ಹಂಗಿಲ್ಲ. ಶಗುಫ್ತಾ, ಗುಂಡಿ ಮ್ಯಾಲೆ ಇವರ ಕೈ ಇರಬಾರದು, ನಿಂದ ಇರಲಿ. ಓದು, ಜೋರಾಗಿ."

ಕಾಶಿನಾಥ ಲ್ಯಾಪ್‌ಟಾಪಿಗೆ ಜೋಡಿಸಿದ ಫ್ಲಾಪಿ ಓದುವ ಡಬ್ಬಿ ಕರಕರ ಎಂದಿತು. ನಿಂತಿತು. ಮತ್ತೆ ಕರಕರ ಎಂದಿತು. ಪರದೆಯ ಮೇಲೆ ಅಕ್ಷರಗಳು ಮೂಡಿದವು. ಮೊದಲ ಹಾಳೆಯಲ್ಲೇ ಕಾಶಿನಾಥ ಕೂಗಿದ.

"ನೋಡ್ರಿ ಅಕ್ಕಾರ, ನೋಡ್ರಿ! ಆಟ ಉದ್ದಾದ್ರ ಕಂಪ್ಯೂಟರಿಗೆ ಬೇಕಾದ ದಾಳ ಕೊಡು ಅಂತ ಬರದಾಳ. ಮೋಸಗಾರ್ತಿ!"

"ಮತ್ತೇನ ಮಾಡೂದೋ? ನೀವ ಗಂಡಹುಡುಗರು ಕುರ್ಚಿ ಬಿಟ್ಟ ಏಳತಿರಲಿಲ್ಲ. ಲಗೂನ ಸೋತ್ರ ನಮಗ ಪಾಳಿ ಬರತಿತ್ತು," ಎಂದಳು ಶಗುಫ್ತಾ.

"ಮುಂದ ಓದು," ಎಂದಳು ಮರಿಯಮಬಿ. ಅವಳಿಗೆ ನಗು ಬರಲಿಲ್ಲ.

ನವಿಲು ಬಂತು. ಶಗುಫ್ತಾ ಬಣ್ಣವನ್ನೂ ಅಂಕಿಯನ್ನೂ ಓದುತ್ತ ಹೋದಳು: ಬಿಳಿ, ನೀಲಿ, ಬಿಳಿ. ಮರಿಯಮಬಿ ಕಣ್ಣು ಮುಚ್ಚಿಕೊಂಡಳು. ಮಡಿಲಲ್ಲಿದ್ದ ಅವಳ ಬೆರಳುಗಳು ತಾವಾಗಿಯೇ ಎಳೆ ಹಿಡಿದು ಬಿಡತೊಡಗಿದವು. ಪಾದ ಸರಿ, ಹೊಟ್ಟೆ ಸರಿ, ಎದೆಯೂ ಸರಿ. ಒಂದೊಂದು ಸಾಲು ಸರಿಯಾದಂತೆ ಅತ್ತೆಯ ಮೇಲಿನ ನಂಬಿಕೆಯ ಒಂದೊಂದು ಎಳೆ ಕಡಿದುಹೋಗುತ್ತಿತ್ತು. ಕುತ್ತಿಗೆ ಶುರುವಾಯಿತು. ಶಗುಫ್ತಾ ಓದಿದಳು. ಬೆರಳುಗಳು ನಿಂತವು.

"ಇನ್ನೊಮ್ಮೆ ಓದು."

ಶಗುಫ್ತಾ ಓದಿದಳು. ಲೆಕ್ಕ ತಪ್ಪಿತ್ತು. ಹೀಗೆ ನೇಯ್ದರೆ ನವಿಲಿನ ಗಂಟಲಲ್ಲಿ ಗಡ್ಡೆ ಬರುತ್ತದೆ. ಮರಿಯಮಬಿ ಕಣ್ಣು ಬಿಟ್ಟು ಪರದೆ ನೋಡಿದಳು.

"ಅಲ್ಲಿ ಬಾಜುಕ ಏನೋ ಬರದೈತಲ್ಲ, ಏನದು?"

ಶಗುಫ್ತಾಳ ಮುಖ ಕೆಂಪಾಯಿತು. "ಅದು... ನನ್ನ ಸಲುವಾಗಿ ಬರಕೊಂಡಿದ್ದು. 'ಇಲ್ಲಿ ಅಮ್ಮಿ ಚಾ ಕೇಳಿದಳು. ಮುಂದಿನ ಸಾಲು ಕೇಳಸಲಿಲ್ಲ. ಅಂದಾಜು ಹಾಕೇನಿ.'"

ಶಗುಫ್ತಾ ಬಿಡಿಸಿ ಹೇಳಿದಳು.

"ನೀ ಬರೂದಕ್ಕಿಂತ ಮೊದಲ ತೀರಿಹೋದ ಕಾಕಿ ಇದ್ಲಲ್ಲ, ಅಕಿ ಜೋಡಿ ಮಗ್ಗದಾಗ ಕೂತ್ರ ಅಮ್ಮಿ ಲೆಕ್ಕ ಕೂಗತಿದ್ಲು, ಕಾಕಿ ಹಾಕತಿದ್ಲು. ನಾ ಒಳಗ ರೊಟ್ಟಿ ಬಡೀತ ಕೇಳತಿದ್ದೆ. ಬಾಯಿಪಾಠ ಆತು. ಕುತಗಿಗೆ ಬಂದಾಗೆಲ್ಲಾ ಚಾ ಅಂತಿದ್ಲು. ಸ್ಟೋವ್ ಸಪ್ಪಳದಾಗ ಏನೂ ಕೇಳಸತಿರಲಿಲ್ಲ. ಚಟಾ ಇರಬೇಕು ಅಂದ್ಕೊಂಡಿದ್ದೆ."

"ಚಟಾ ಅಲ್ಲ, ನಿನ್ನ ಕಿವಿ ಮ್ಯಾಲೆ ಅಕಿಗೆ ಸಂಶೆ ಇತ್ತು," ಎಂದಳು ಮರಿಯಮಬಿ. ಹೇಳುವಾಗ ಅವಳ ಎದೆ ಹಗುರಾಯಿತು. ಅತ್ತೆ ಕೊಟ್ಟ ಮಾತು ಉಳಿಸಿಕೊಂಡಿದ್ದಳು, ಮಗಳ ಮುಂದೆಯೂ.

ಡಬ್ಬಿ ಮತ್ತೆ ಕರಕರ ಎಂದಿತು. ಕಾಶಿನಾಥ ಚಡಪಡಿಸಿದ. "ಅಕ್ಕಾರ, ಲ್ಯಾಪ್‌ಟಾಪ್ ಚಾರ್ಜ್ ಕಡಿಮಿ ಆಗೇತ್ರಿ. ನಕಲು ಇಟ್ಕೊಳ್ಳಲೋ, ಬಿಡಲೋ?"

"ಬ್ಯಾಟರಿ ಅಂಗಡಿ ಸಾವಕಾರಗ ಚಾರ್ಜ್ ಇಲ್ಲ," ಎಂದಳು ಮರಿಯಮಬಿ.

"ಭಾಭಿ, ಆ ಸಾಲು ನೀ ಹೇಳು. ಸರಿ ಮಾಡೇ ಇಡೂಣು," ಎಂದಳು ಶಗುಫ್ತಾ. "ನನ್ನ ಹೆಸರ ಐತಿ ಅದರ ಮ್ಯಾಲೆ. ತಪ್ಪ ನವಿಲ ಊರೆಲ್ಲಾ ನೋಡಬೇಕ?"

"ನೋಡಲಿ. ಒಂದ ಅಕ್ಷರ ಮುಟ್ಟಬ್ಯಾಡ. ಹೆಂಗೈತಿ ಹಂಗ ಇಟ್ಕೋ."

"ನನಗೂ ಹಂಗ ಬೇಕ್ರಿ," ಎಂದ ಕಾಶಿನಾಥ. "ಉಳಸೂದಂದ್ರ ತಪ್ಪನ್ನೂ ಉಳಸಬೇಕು. ಆದ್ರ ಮುಚ್ಚಿ ಹೇಳೂದಿಲ್ರಿ, ಮುಂದ ಯಾರರೇ ತಿದ್ದಬಹುದು."

"ತಿದ್ದಾಕ ಗೊತ್ತಿರಬೇಕಲ್ಲ ತಮ್ಮಾ. ಒತ್ತ ಶಗುಫ್ತಾ."

ಶಗುಫ್ತಾ ಗುಂಡಿ ಒತ್ತಿದಳು. ನಕಲು ಕೂತಿತು. ಖಾತ್ರಿಗೆ ಇನ್ನೊಮ್ಮೆ ಓದಲು ಹೋದರೆ ಫ್ಲಾಪಿ ಉಸಿರೇ ಎತ್ತಲಿಲ್ಲ. ಕಾಶಿನಾಥ ಅದನ್ನು ಎರಡೂ ಕೈಯಿಂದ ಮರಿಯಮಬಿಗೆ ಹಿಂತಿರುಗಿಸಿದ, ಚಹಾ ಕುಡಿದು ಹೊರಟ. ಅವನ ಬೈಕು ಓಣಿ ದಾಟುವವರೆಗೆ ಮರಿಯಮಬಿ ಬಾಗಿಲಲ್ಲಿ ನಿಂತು ನೋಡಿದಳು. ಮತ್ತೆ ತಿರುಗಿ ಬರುತ್ತಾನೇನೋ ಎಂದು.

ಒಳಗೆ ಶಗುಫ್ತಾ ಬುರ್ಖಾ ಹಾಕಿಕೊಳ್ಳುತ್ತಿದ್ದಳು. ಮುಖ ಸಣ್ಣದಾಗಿತ್ತು.

"ಸಂಜಿ ಬಸ್ಸಿಗೆ ಹೋಗತೇನಿ ಭಾಭಿ."

"ಯಾಕ, ನಿನ್ನ ನವಿಲಿಗೆ ಗಡ್ಡಿ ಬಂತಂತ ಸಿಟ್ಟೇನ?"

"ಡಬ್ಬಿಯೊಳಗಿನ ನವಿಲ ಹಂಗ ಇರಲಿ. ಆ ಸಾಲು ನನಗರೇ ಹೇಳಬಹುದಿತ್ತು. ನಾನೇನ ಮಾರಾಕ ಹೋಗತೇನಿ?"

ಮರಿಯಮಬಿ ಮಗ್ಗದ ಮೇಲಿನ ಚಾದರ ತೆಗೆದು ಮಡಿಚಿಟ್ಟಳು. ನೇಯ್ಗೆ ನವಿಲಿನ ಎದೆಯವರೆಗೆ ಬಂದಿತ್ತು. ಮಗ್ಗದ ಮುಂದೆ ಕೂಡುವ ಹಲಗೆಯ ಒಂದು ತುದಿಗೆ ಸರಿದು ಕೂತು ಇನ್ನೊಂದು ತುದಿಯ ನೂಲುಂಡೆಗಳನ್ನು ಕೆಳಗಿಟ್ಟಳು. ಶಗುಫ್ತಾ ಆ ಖಾಲಿ ಜಾಗವನ್ನೂ ಅತ್ತಿಗೆಯ ಮುಖವನ್ನೂ ನೋಡಿದಳು. ಬುರ್ಖಾ ಕಳಚಿ ಗೂಟಕ್ಕೆ ಹಾಕಿ ಹತ್ತಿರ ಬಂದಳು.

"ನಿಂದರು," ಎಂದಳು ಮರಿಯಮಬಿ. "ಮೊದಲ ನಿನ್ನ ಮೊಬೈಲ್ ಹೊರಗ ಇಟ್ಟ ಬಾ."