ಕಂಬಳಿಯ ಮೇಲಿನ ಮಾತು

ಮಣ್ಣಿಗೆ ಬಂದವರೆಲ್ಲ ತಮ್ಮ ತಮ್ಮ ಊರಿಗೆ ಮರಳಿದ್ದರು. ಬೆಳಿಗ್ಗೆ ಎಂದಿನಂತೆ ನಲ್ಲಿಯಲ್ಲಿ ನೀರು ಬಂತು. ಆಶಾ ಕೊಡ ತುಂಬಿಸಿ ಒಳಗಿಡುವಷ್ಟರಲ್ಲಿ ಜಗಲಿಯ ಮೇಲೆ ಯುದ್ಧ ಶುರುವಾಗಿತ್ತು.

"ಇಸ್ರೇಲ್‌ನೋರ್ನ ನೋಡ್ಲೇ, ಊರಿಗೂರೇ ನೆಲಸಮ," ಎಂದ ಗೊಬ್ಬರದಂಗಡಿಯ ಹನುಮಂತರಾಯ.

"ಅಮೇರಿಕದೋರು ಕಮ್ಮಿನಾ? ಸಮುದ್ರ ದಾಟಿ ಹೋಗಿ ಹೊಡೆದ್ರು. ನಾವು ಮಾತ್ರ ಅವರ ದೋಸ್ತ್‌ಗಳು ಅಂತ ಹೇಳ್ಕಳಾಕಷ್ಟೇ ಲಾಯಕ್ಕು," ಎಂದ ಓಬಳಪ್ಪ. ಆಶಾಳ ಗಂಡ, ಗಡಿಯಲ್ಲಿ ಉಗ್ರರ ಗುಂಡಿಗೆ ಸತ್ತ ಸೈನಿಕ ಲೋಹಿತನಿಗೆ ಅವನು ಸೋದರಮಾವ.

ದಾವಣಗೆರೆಯಲ್ಲಿ ಎಂ.ಎ. ಓದುವಾಗ ಆಶಾ ಆ ದೇಶಗಳಿಗೂ ನಮಗೂ ಇರುವ ಇದೇ ಹೋಲಿಕೆಯನ್ನು ಪರೀಕ್ಷೆಯಲ್ಲಿ ಬರೆದಿದ್ದಳು. ಆ ಉತ್ತರದಲ್ಲಿ ಸತ್ತವರಿಗೆ ಹೆಸರಿರಲಿಲ್ಲ.

ಚಳ್ಳಕೆರೆಯಿಂದ ಯೂಟ್ಯೂಬ್ ಚಾನೆಲ್‌ನವನು ಬಂದು ಮೊಬೈಲು ಹಿಡಿದ. ಓಬಳಪ್ಪ ಗಡಿಯಿಂದ ವಾಪಸ್ ಬಂದಿದ್ದ ಲೋಹಿತನ ಟ್ರಂಕಿನಿಂದ ಕರಿ ಕಂಬಳಿ ತೆಗೆದು ಹಾಸಿ, ತಾನೂ ಕೂತ.

"ಬಾರವ್ವಾ, ಕೂತ್ಕ. ನಾವೂ ಅವರಂಗೇ ನುಗ್ಗಬೇಕು ಅಂತ ನಮ್ಮೆಜಮಾನ್ರು ಫೋನಲ್ಲಿ ಹೇಳ್ತಿದ್ರು ಅಂದ್ಬಿಡು. ಸಾಕು."

ಇವರ ಕುಲದಲ್ಲಿ ಜಗಳ ತೀರಿಸುವುದಕ್ಕೂ ಹೆಣ್ಣು ಕೊಡುವುದಕ್ಕೂ ಕಂಬಳಿ ಹಾಸುತ್ತಾರೆ. ಅದರ ಮೇಲೆ ಕೂತವರು ಸುಳ್ಳಾಡುವಂತಿಲ್ಲ. ಓಬಳಪ್ಪ ಅದನ್ನು ವಿಡಿಯೋ ಚೆನ್ನಾಗಿ ಬರಲೆಂದು ಹಾಸಿದ್ದ.

"ಮಾವ, ಕಂಬಳಿ ಮೇಲೆ ಕೂರಿಸಿ ಸುಳ್ಳು ಹೇಳಿಸ್ತೀರಾ?"

"ಸುಳ್ಳೇನೈತೆ? ಸೈನಿಕ ಇನ್ನೇನ್ ಹೇಳ್ತಾನೆ?"

"ಸಾಕ್ಸ್ ಒಣಗ್ತಿಲ್ಲ ಅಂದ್ರು. ಕೊನೇ ಸಲ ಹೇಳಿದ್ದು ಅಷ್ಟೇ." ಅವಳ ದನಿ ಏರಿತು. "ಅಮೇರಿಕದೋರು ಆಫ್ಘಾನಿಸ್ತಾನದಾಗೆ ಇಪ್ಪತ್ತು ವರ್ಷ ಹೊಡೆದ್ರಲ್ಲ, ಆಮೇಲೆ ಅಲ್ಲಿ ಯಾರು ಬಂದು ಕೂತ್ರು? ಹೇಳ್ರಿ. ನೆಲಸಮ ಆದ ಊರಾಗೆ ನನ್ನಂಥೋರು ಎಷ್ಟು ಜನ ಅವ್ರೆ ಅಂತ ಹನುಮಂತರಾಯಪ್ಪಾರಿಗೆ ಗೊತ್ತೈತಾ?"

ಮೊಬೈಲು ಇನ್ನೂ ಅವಳತ್ತಲೇ ನೋಡುತ್ತಿತ್ತು.

"ಅದನ್ನ ಇಳಿಸಪ್ಪ. ಮಾವ, ಏಳ್ರಿ ಮೇಲಕ್ಕೆ."

"ಗಂಡ ಹೋದ ದುಃಖಕ್ಕೆ ತಲೆ ಕೆಟ್ಟೈತೆ," ಎಂದು ಗೊಣಗುತ್ತ ಓಬಳಪ್ಪ ಎದ್ದ. ಅವಳು ಕಂಬಳಿಯನ್ನು ಎಳೆದುಕೊಂಡಳು.

ಒಳಗಿಂದ ಅತ್ತೆ ಉಚ್ಚಂಗೆಮ್ಮ ಕೂಗಿದಳು: "ತಗಂಡು ಹೋಗವ್ವಾ. ಅದು ಕುರಿ ಕಾಯೋ ಜೋಗಪ್ಪಂದು. ಅಲ್ಲಿ ಚಳಿ ಅಂತ ಲೋಹಿತ ಹೋದ ರಜೆಯಾಗೆ ಇಸ್ಕಂಡಿದ್ದ."

ಊರ ಪಕ್ಕದ ಸಿದ್ದಾಪುರದ ಗುಡ್ಡದ ಬುಡದಲ್ಲಿ ಜೋಗಪ್ಪ ಕುರಿ ಬಿಟ್ಟುಕೊಂಡು ನಿಂತಿದ್ದ. ಆಶಾ ಕಂಬಳಿ ಚಾಚಿದಳು.

"ನಿಮ್ಮದು. ವಾಪಸ್ ಕೊಡಬೇಕಿತ್ತಂತೆ."

"ಯಾಕ್ ತಂದ್ಯವ್ವಾ," ಎಂದ ಜೋಗಪ್ಪ. ಕಂಬಳಿ ಕೊಡವಿ, ಬಂಡೆಯ ಮೇಲೆ ಬಿಸಿಲಿಗೆ ಹರವಿದ.

ಒಂದು ಕುರಿ ಬಂದು ಕಂಬಳಿಯ ಅಂಚನ್ನು ಮೂಸಿತು. ಆಮೇಲೆ ಅದಕ್ಕಂಟಿದ್ದ ಲೋಹಿತನ ಬೆವರಿನ ಉಪ್ಪನ್ನು ನಿಧಾನವಾಗಿ ನೆಕ್ಕತೊಡಗಿತು. ಇಬ್ಬರೂ ಅದನ್ನು ಅಟ್ಟಲಿಲ್ಲ.