ಹಲಗೆಯ ಮೇಲೆ ‘ತುಂಬಿದೆ’

ಆ ಕರಿಹಲಗೆಯನ್ನು ಯಾರೂ ಒರೆಸಿರಲಿಲ್ಲ. ಹವ್ಯಾಸಿ ಹಾರಾಟಗಾರರ ಕ್ಲಬ್ಬಿನ ಶೆಡ್ಡಿನ ಒಳಗೋಡೆಯಲ್ಲಿ, ಬೀಗದಕೈ ತೂಗುಹಾಕುವ ಮೊಳೆಗಳ ಪಕ್ಕದಲ್ಲಿ, ಎಂಟು ದಿನದಿಂದ ಅದು ಹಾಗೇ ಇತ್ತು. ಅದರ ಮೇಲೆ ಸೀಮೆಸುಣ್ಣದಲ್ಲಿ ಎರಡು ಸಾಲು: ‘ಬಿಳಿ – ತುಂಬಿದೆ. ಹಳದಿ – ತುಂಬಿದೆ.’ ಹಳದಿ ವಿಮಾನ ಈಗ ಇರಲಿಲ್ಲ. ಅದು ನಿಲ್ಲುತ್ತಿದ್ದ ಜಾಗದಲ್ಲಿ ಸಿಮೆಂಟು ನೆಲದ ಮೇಲೆ ಎಣ್ಣೆ ತೊಟ್ಟಿಕ್ಕಿದ ಅಂಗೈಯಗಲದ ಕಲೆಯೊಂದು ಉಳಿದಿತ್ತು, ಅಷ್ಟೆ.

ಗಡಿಯಾರದವರು ಬಾಗಿಲಲ್ಲಿ ನಿಂತು ಆ ಎರಡನೆಯ ಸಾಲನ್ನೇ ನೋಡುತ್ತಿದ್ದರು. ಅಕ್ಷರ ಅವರದೇ. ವಾರದ ಆರು ದಿನ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೈಗಡಿಯಾರ ರಿಪೇರಿ ಮಾಡುವ ಮನುಷ್ಯನ ಅಕ್ಷರ, ಇರುವೆ ಸಾಲಿನಷ್ಟು ಸಣ್ಣದು, ಅಷ್ಟೇ ನೇರ.

ಹೊರಗೆ ಮಂಜು ಇನ್ನೂ ಸರಿದಿರಲಿಲ್ಲ. ಹುಲ್ಲಿನ ರನ್‌ವೇ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ಗೊತ್ತಾಗುತ್ತಿರಲಿಲ್ಲ. ಬೇಲಿಯ ಬಿಳಿ ಕಂಬಗಳು ಯಾವ ಆಧಾರವೂ ಇಲ್ಲದೆ ಹಾಲಿನಲ್ಲಿ ತೇಲುವಂತೆ ತೇಲುತ್ತಿದ್ದವು. ಬೇರೆ ಭಾನುವಾರವಾಗಿದ್ದರೆ ಇಂಥ ಬೆಳಗನ್ನು ನೋಡಿ ಅವರು ಒಂದು ಗಳಿಗೆ ಕಣ್ಣುಮುಚ್ಚಿ ಕೈಮುಗಿಯುತ್ತಿದ್ದರು. ಇವತ್ತು ಕೈ ಜೇಬಿನಿಂದ ಆಚೆ ಬರಲಿಲ್ಲ.

ನಡೆದದ್ದು ಊರಿಗೆಲ್ಲ ಗೊತ್ತಿತ್ತು. ಕ್ಲಬ್ಬಿನ ಸದಸ್ಯರಲ್ಲೊಬ್ಬ, ಎಲ್ಲರೂ ಸರ್ವೆಯವನು ಎಂದು ಕರೆಯುತ್ತಿದ್ದವನು, ಇಪ್ಪತ್ತೆರಡು ವರ್ಷ ಭೂಮಾಪನ ಕಚೇರಿಯಲ್ಲಿ ಜಮೀನು ಅಳೆದವನು. ತಿಂಗಳ ಹಿಂದೆ ಕಚೇರಿಯವರು ಅವನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ದರು. ಕಳೆದ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಅವನು ಬಂದು ಹಳದಿ ವಿಮಾನದ ಬೀಗದಕೈ ತೆಗೆದುಕೊಂಡ. ಏರುತ್ತಾ ರೇಡಿಯೋದಲ್ಲಿ, “ಆಫೀಸಿಗೆ ಹೋಗಿ ಬರ್ತೀನಿ ಮೇಷ್ಟ್ರೇ” ಅಂದ. ಹಾರಾಟ ಕಲಿಸುವ ಮೇಷ್ಟ್ರು ತಮಾಷೆ ಅಂದುಕೊಂಡು ಕೈ ಬೀಸಿದರು. ಅವನು ನೇರ ಪೇಟೆಗೆ ಹೋಗಿ, ನಾಲ್ಕು ಅಂತಸ್ತಿನ ಆ ಕಚೇರಿಯನ್ನು ಎರಡು ಸಲ, ಕಿಟಕಿ ಗಾಜು ನಡುಗುವಷ್ಟು ಕೆಳಗೆ, ಸುತ್ತುಹಾಕಿದ. ಒಳಗಿದ್ದ ಅರವತ್ತು ಜನ ಎದ್ದೆವೋ ಬಿದ್ದೆವೋ ಎಂದು ಮೆಟ್ಟಿಲಿಳಿದು ಓಡುವಾಗ ವಯಸ್ಸಾದ ಜವಾನನೊಬ್ಬ ಬಿದ್ದು ಕಾಲು ಮುರಿದುಕೊಂಡ. ಮೂರನೆಯ ಸಲ ವಿಮಾನ ಗಿರಣಿಯ ಚಿಮಣಿಯ ಕಡೆಯಿಂದ ನೇರವಾಗಿ ಕಟ್ಟಡಕ್ಕೇ ಮುಖ ಮಾಡಿ ಬಂತು. ಚಿಮಣಿಯ ಮೇಲೆ ಬಂದಾಗ ಎಂಜಿನ್ನಿನ ಸದ್ದು ನಿಂತುಹೋಯಿತು ಎಂದು ಗಿರಣಿಯ ಆಳುಗಳು ಹೇಳಿದರು. ಕಟ್ಟಡ ಇನ್ನೇನು ಸಿಕ್ಕಿತು ಅನ್ನುವಾಗ ವಿಮಾನ ಪಕ್ಕಕ್ಕೆ ವಾಲಿ ಕೆರೆಗೆ ಬಿತ್ತು. ಸತ್ತವನು ಅವನೊಬ್ಬನೇ.

ಪತ್ರಿಕೆಯವರು ಬರೆದರು: ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಾಯಿಸಿ ತಾನೇ ಎಂಜಿನ್ ಆರಿಸಿದ. ಊರವರೂ ಅದನ್ನೇ ನಂಬಿದರು.

ಗಡಿಯಾರದವರಿಗೆ ಮಾತ್ರ ನಂಬಲು ಆಗಲಿಲ್ಲ.

ಕ್ಲಬ್ಬಿನಲ್ಲಿ ಒಂದು ಪದ್ಧತಿ ಇತ್ತು. ಕೊನೆಗೆ ಇಳಿದವರು ಟ್ಯಾಂಕನ್ನು ಕಂಠಪೂರ್ತಿ ತುಂಬಿಸಿ ಹಲಗೆಯ ಮೇಲೆ ಬರೆಯಬೇಕು. ಖಾಲಿ ಜಾಗ ಬಿಟ್ಟರೆ ರಾತ್ರಿಯ ತಂಪಿಗೆ ಒಳಗೆ ನೀರು ಬೆವರುತ್ತದೆ. ಗಡಿಯಾರದವರು ಬರೆಯುವುದನ್ನು ಮೊದಲು ಮಾಡುತ್ತಿದ್ದರು, ತುಂಬುವುದನ್ನು ಆಮೇಲೆ. ಪೆಟ್ರೋಲಿನ ಕೈಯಲ್ಲಿ ಹಿಡಿದರೆ ಸೀಮೆಸುಣ್ಣ ನೆನೆದು ಜಾರುತ್ತದೆ, ಅಕ್ಷರ ಕೆಡುತ್ತದೆ. ಅಕ್ಷರ ಕೆಟ್ಟರೆ ಅವರಿಗೆ ಸಹಿಸಲಾಗುತ್ತಿರಲಿಲ್ಲ. ಆ ಶನಿವಾರ ಸಂಜೆ ಒಂದು ಗಂಟೆಗೂ ಮೇಲೆ ಹಾರಿ ಇಳಿದು, ಬರೆದು, ಪಂಪಿನ ಕಡೆ ಹೊರಟಿದ್ದರು. ಆಗ ಪಶ್ಚಿಮದಲ್ಲಿ ಮೋಡಗಳೆಲ್ಲ ತಾಮ್ರದ ಬಣ್ಣಕ್ಕೆ ತಿರುಗಿದವು. ಯಾರೋ ನಿಧಾನವಾಗಿ ಪದ್ಯ ಓದುತ್ತಿರುವ ಹಾಗೆ ಬೆಳಕು ಒಂದೊಂದೇ ಸಾಲಾಗಿ ಇಳಿಯಿತು. ಅವರು ನೋಡುತ್ತಾ ನಿಂತರು. ಕತ್ತಲಾದ ಮೇಲೆ ವಿಮಾನಕ್ಕೆ ಹೊದಿಕೆ ಹೊದಿಸಿ, ಮನಸ್ಸು ತುಂಬಿಕೊಂಡು ಮನೆಗೆ ಹೋದರು. ಟ್ಯಾಂಕು ತುಂಬಿರಲಿಲ್ಲ. ಮರುದಿನವಿಡೀ ಮಂಜು, ಯಾರೂ ಹಾರಲಿಲ್ಲ. ಸೋಮವಾರ ಸರ್ವೆಯವನು ಹಲಗೆ ನೋಡಿದ, ನಂಬಿದ. ಜೀವಮಾನವೆಲ್ಲ ಅಳೆದವನು ಆವತ್ತು ಅಳತೆಕಡ್ಡಿ ಹಾಕಿ ನೋಡಲಿಲ್ಲ.

“ಬಾಗಿಲಲ್ಲೇ ನಿಂತಿದ್ದೀರಲ್ಲ, ಒಳಗೆ ಬರೋಕೆ ನಿಮಗೂ ಪೊಲೀಸರ ಅಪ್ಪಣೆ ಬೇಕಾ?” ಎಂದ ಕ್ಲಬ್ಬಿನ ಇನ್ನೊಬ್ಬ ಸದಸ್ಯ, ಬೇಕರಿಯವನು. ತಂದಿದ್ದ ಬ್ರೆಡ್ಡಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟ. ಯಾರೂ ಬಿಚ್ಚಲಿಲ್ಲ.

ಮೇಷ್ಟ್ರು ಕುರ್ಚಿಯಲ್ಲಿ ಕೂತು ರೇಡಿಯೋದ ತಂತಿಯನ್ನು ಸುಮ್ಮನೆ ಬೆರಳಿಗೆ ಸುತ್ತುತ್ತಿದ್ದರು. ಹಲ್ಲಿನ ಡಾಕ್ಟರಮ್ಮ ಬಿಳಿ ವಿಮಾನದ ರೆಕ್ಕೆಗೆ ಒರಗಿ ನಿಂತಿದ್ದರು.

“ನಮ್ಮ ಬೀದಿಯಲ್ಲಿ ಈಗ ಆಕಾಶದಲ್ಲಿ ಏನಾದ್ರೂ ಗುಂಯ್ ಅಂದ್ರೆ ಜನ ಕಿಟಕಿ ಮುಚ್ತಾರೆ,” ಎಂದರು ಡಾಕ್ಟರಮ್ಮ. “ನಿನ್ನೆ ಒಬ್ಬ ಬಾಯಿ ತೆರೆದುಕೊಂಡೇ ಕೇಳಿದ, ನೀವೂ ಹಾರಿಸ್ತೀರಂತೆ, ನಿಜಾನಾ ಅಂತ. ಹಲ್ಲು ಕೀಳಿಸಿಕೊಳ್ಳದೆ ಎದ್ದು ಹೋದ.”

“ಹಲ್ಲು ಉಳೀತಲ್ಲ. ಒಬ್ಬನಿಗಾದ್ರೂ ಉಪಕಾರವಾಯ್ತು,” ಎಂದ ಬೇಕರಿಯವನು.

“ನಿನ್ನ ಬಾಯಿಗೆ ಮೊದಲು ಮತ್ತಿನ ಇಂಜೆಕ್ಷನ್ ಕೊಡಬೇಕು ಕಣೋ.”

ಬೇಕರಿಯವನು ನಗಲು ಹೋದ, ನಗು ಅರ್ಧಕ್ಕೇ ನಿಂತಿತು. “ಏನೇ ಹೇಳಿ, ಕೊನೆಗೆ ತಿರುಗಿಸಿದನಲ್ಲ. ನಮ್ಮವನು ಅನ್ನೋಕೆ ಅಷ್ಟಾದ್ರೂ ಉಳಿಸಿದ.”

“ತಿರುಗಿಸಿದ ತಕ್ಷಣ ದೇವರಾಗಿಬಿಡಲ್ಲ,” ಎಂದರು ಡಾಕ್ಟರಮ್ಮ. “ಆ ಜವಾನ ಇನ್ನೂ ಆಸ್ಪತ್ರೆಯಲ್ಲಿದ್ದಾನೆ.”

ಗಡಿಯಾರದವರು ಒಳಗೆ ಬಂದು ಹಲಗೆಗೆ ಬೆನ್ನು ಹಾಕಿ ನಿಂತರು. ವಾರದಿಂದ ಅವರಿಗೆ ಒಂದೇ ಕನಸು. ಹಳದಿ ವಿಮಾನದೊಳಗೆ ತಾವೇ ಕೂತಿದ್ದಾರೆ, ಕೆಳಗೆ ಚಿಮಣಿಯ ಹೊಗೆ ನೂಲಿನಂತೆ ಏಳುತ್ತಿದೆ, ತಟ್ಟನೆ ಸದ್ದು ನಿಲ್ಲುತ್ತದೆ. ಗಡಿಯಾರ ನಿಂತಾಗ ಕೋಣೆಯಲ್ಲಿ ಬರುತ್ತದಲ್ಲ, ಅಂಥ ಮೌನ, ಆಕಾಶದಗಲದ್ದು. ಆ ಮೌನದಲ್ಲಿ ಏನು ಮಾಡಬೇಕೆಂದು ಗೊತ್ತಾಗುವ ಮೊದಲೇ ಎಚ್ಚರವಾಗುತ್ತಿತ್ತು.

ಮಂಜಿನೊಳಗಿಂದ ಒಬ್ಬಾಕೆ ನಡೆದುಬಂದರು. ಮೊದಲು ಬಣ್ಣವಿಲ್ಲದ ನೆರಳು, ಆಮೇಲೆ ಬೂದು ಕೋಟು, ಆಮೇಲೆ ಮುಖ. ಸರ್ವೆಯವನ ಅಕ್ಕ. ಮದುವೆಯಾಗದ ತಮ್ಮನನ್ನು ಮನೆಯಲ್ಲಿಟ್ಟುಕೊಂಡು ಮಗನಂತೆ ನೋಡಿಕೊಂಡವರು. ಎಲ್ಲರೂ ಎದ್ದು ನಿಂತರು. ಬೇಕರಿಯವನು ಕುರ್ಚಿ ತಂದುಹಾಕಿದ. ಆಕೆ ಕೂರಲಿಲ್ಲ.

“ನಾನು ಅಳೋಕೆ ಬಂದಿಲ್ಲ,” ಎಂದರು ಆಕೆ. “ನಾಳೆ ಅವನ ಆಫೀಸಿಗೆ ಹೋಗ್ತೀನಿ. ಆ ಅರವತ್ತು ಜನರ ಮುಂದೆ ನಿಂತು ತಪ್ಪಾಯ್ತು ಅನ್ನಬೇಕು. ಜವಾನರ ಕಾಲು ಮುಟ್ಟಬೇಕು. ಅದು ಸರಿ. ಆದ್ರೆ, ಕೊನೆಗೆ ಅವನೇ ತಿರುಗಿದ ಅನ್ನೋ ಮಾತನ್ನ ನಾನು ಹೇಳಬಹುದಾ? ಪೇಪರ್‌ನವರು ಬರೆದಿದ್ದು ನನಗೆ ಬೇಡ. ಹಾರೋರು ನೀವು. ನೀವು ಹೇಳಿ. ಸುಳ್ಳಾದ್ರೆ ಹೇಳಲ್ಲ, ತಪ್ಪಾಯ್ತು ಅಂದು ವಾಪಸ್ ಬರ್ತೀನಿ.”

“ಅವನೇ ತಿರುಗಿಸಿದ್ದು ಅಕ್ಕಾ, ಅದರಲ್ಲಿ ಏನಿದೆ ಅನುಮಾನ,” ಎಂದ ಬೇಕರಿಯವನು, ಆಕೆಯ ಮಾತು ಮುಗಿಯುವ ಮೊದಲೇ. “ತಾನೇ ಎಂಜಿನ್ ಆರಿಸಿ...”

“ಆರಿಸಲಿಲ್ಲ,” ಎಂದರು ಗಡಿಯಾರದವರು.

ತಮ್ಮ ದನಿ ತಮಗೇ ಬೇರೆ ಯಾರದೋ ಅನಿಸಿತು. ಹಲಗೆಯ ಕಡೆ ಕೈ ತೋರಿಸಿ ಎಲ್ಲವನ್ನೂ ಹೇಳಿದರು. ಸೀಮೆಸುಣ್ಣದ ಮಾತು, ಮೋಡದ ಮಾತು, ಹೊದಿಕೆಯ ಮಾತು. “ಕಾಲು ಭಾಗವೂ ಇರಲಿಲ್ಲ ಪೆಟ್ರೋಲು. ಅಲ್ಲಿವರೆಗೆ ಹೋಗಿ ಎರಡು ಸುತ್ತು ಹಾಕೋಷ್ಟು, ಅಷ್ಟೆ. ಅದು ತಾನಾಗಿಯೇ ನಿಂತಿದ್ದು ತಾಯಿ. ನಾನು ಬರೆದಿದ್ದು ಸುಳ್ಳು.”

ತಗಡಿನ ಮಾಡಿನಿಂದ ಮಂಜಿನ ಹನಿಯೊಂದು ಎಣ್ಣೆಯ ಕಲೆಯ ಮೇಲೆ ಬಿತ್ತು.

“ಇದನ್ನ ಈಗಲೇ, ಇವರ ಮುಂದೆಯೇ ಹೇಳಬೇಕಿತ್ತಾ?” ಎಂದ ಬೇಕರಿಯವನು, ತಗ್ಗಿದ ದನಿಯಲ್ಲಿ.

“ಆ ಸೋಮವಾರವೇ ಹೇಳಬೇಕಿತ್ತು,” ಎಂದರು ಮೇಷ್ಟ್ರು.

ಅಕ್ಕ ಹಲಗೆಯನ್ನು ನೋಡುತ್ತಿದ್ದರು. ಆಮೇಲೆ ಸಿಟ್ಟಿಲ್ಲದ, ತೀರಾ ಸಣ್ಣ ದನಿಯಲ್ಲಿ ಅಂದರು: “ಹಾಗಾದ್ರೆ ಆ ಜನರನ್ನ ಉಳಿಸಿದ್ದು ನಿಮ್ಮ ಮರೆವು. ನನ್ನ ತಮ್ಮ ಅಲ್ಲ.”

ಉತ್ತರ ಕೊಟ್ಟದ್ದು ಮೇಷ್ಟ್ರು. ಅವರು ಬೆರಳಿಗೆ ಸುತ್ತಿದ್ದ ತಂತಿಯನ್ನು ಬಿಚ್ಚಿಟ್ಟರು.

“ಅದನ್ನ ಇಲ್ಲಿ ಕೂತು ಹೇಳೋಕಾಗಲ್ಲಮ್ಮ. ಎಂಜಿನ್ ನಿಂತ ತಕ್ಷಣ ವಿಮಾನ ಕಲ್ಲಿನ ಹಾಗೆ ಬೀಳಲ್ಲ. ಜಾರುತ್ತೆ. ಎಷ್ಟು ದೂರ ಜಾರುತ್ತೆ ಅನ್ನೋದು ಎತ್ತರದ ಮೇಲೆ. ಚಿಮಣಿ ಮೇಲೆ ಎಂಟುನೂರು ಅಡಿ ಇದ್ದ ಅಂತ ಆಳುಗಳ ಮಾತಿನಿಂದ ಗೊತ್ತಾಗುತ್ತೆ. ಅಲ್ಲಿಂದ ಆಫೀಸಿಗೆ ಒಂದೂವರೆ ಕಿಲೋಮೀಟರು. ನಮ್ಮ ಹೊಳೆ ಸೇತುವೆಯಿಂದ ಈ ಶೆಡ್ಡಿಗೂ ಅಷ್ಟೇ. ಮಂಜು ಸರಿದ ಮೇಲೆ ಬಿಳೀದನ್ನ ಹತ್ತೋಣ. ಅದೇ ಎತ್ತರ, ಅದೇ ದೂರ. ಹತ್ತೋ ಧೈರ್ಯ ಇದ್ದರೆ ನೀವೂ ಬನ್ನಿ.” ಗಡಿಯಾರದವರ ಕಡೆ ತಿರುಗಿದರು. “ನಡೆಸೋದು ನೀವು.”

“ನನ್ನಿಂದಾಗಲ್ಲ ಮೇಷ್ಟ್ರೇ.”

“ಆಗುತ್ತೆ. ಪಕ್ಕದಲ್ಲಿ ನಾನಿರ್ತೀನಿ.”

ಹತ್ತೂವರೆಗೆ ಬಿಸಿಲು ಬಂತು. ಗಡಿಯಾರದವರು ಬಿಳಿ ವಿಮಾನದ ಎರಡೂ ಟ್ಯಾಂಕಿಗೆ ಅಳತೆಕಡ್ಡಿ ಇಳಿಸಿ, ಎತ್ತಿ, ಒದ್ದೆಯ ಗುರುತನ್ನು ಬೆಳಕಿಗೆ ಹಿಡಿದು ಎರಡೆರಡು ಸಲ ನೋಡಿದರು. ಬಿಳೀದಕ್ಕೆ ಬೇಕರಿಯವನು ಅತ್ತೆಮ್ಮ ಎಂದು ಹೆಸರಿಟ್ಟಿದ್ದ, ಏಳುವ ಮುಂಚೆ ಗೊಣಗದೆ ಇರುವುದಿಲ್ಲ ಎಂದು. ಇವತ್ತೂ ಅದು ಗೊಣಗಿ, ಕೆಮ್ಮಿ, ಆಮೇಲೆ ಒಪ್ಪಿತು. ಹಿಂದಿನ ಸೀಟಿನಲ್ಲಿ ಅಕ್ಕ ಕೋಟಿನ ಗುಂಡಿಯನ್ನು ಕುತ್ತಿಗೆಯವರೆಗೂ ಹಾಕಿಕೊಂಡು, ತುಟಿ ಅಲುಗಿಸುತ್ತಾ ಏನನ್ನೋ ಜಪಿಸುತ್ತಿದ್ದರು.

ಹುಲ್ಲು ಬಿಟ್ಟು ಎದ್ದ ಮೇಲೆ ಲೋಕ ಹಗುರವಾಯಿತು. ಹೊಲಗಳ ಮೇಲೆ ಮಂಜು ಇನ್ನೂ ಅಲ್ಲಲ್ಲಿ ಒಣಗಲು ಹರವಿದ ಬಟ್ಟೆಯಂತೆ ಬಿದ್ದಿತ್ತು. ಹೊಳೆ ಯಾವ ಅವಸರವೂ ಇಲ್ಲದೆ ಹೊಳೆಯುತ್ತಿತ್ತು. ಎಂಟುನೂರು ಅಡಿಯಲ್ಲಿ ಅವರು ಸೇತುವೆಯ ಮೇಲೆ ಬಂದು ಶೆಡ್ಡಿಗೆ ಮುಖ ಮಾಡಿದರು. ಅಷ್ಟು ದೂರದಲ್ಲಿ ಅದು ಬೆಂಕಿಪೊಟ್ಟಣದಷ್ಟಿತ್ತು.

“ಈಗ,” ಎಂದರು ಮೇಷ್ಟ್ರು.

ಗಡಿಯಾರದವರು ಥ್ರಾಟಲ್ಲನ್ನು ಪೂರ್ತಿ ಹಿಂದಕ್ಕೆಳೆದರು. ಎಂಜಿನ್ನಿನ ಸದ್ದು ಉಸಿರಿನಷ್ಟಕ್ಕಿಳಿಯಿತು. ಕನಸಿನ ಮೌನವೇ ಬಂತು. ಆದರೆ ಇವತ್ತು ಎಚ್ಚರವಾಗಲಿಲ್ಲ. ರೆಕ್ಕೆಯ ಅಂಚಿನಲ್ಲಿ ಗಾಳಿ ಮೆಲ್ಲಗೆ ಸುಯ್ಯೆನ್ನುತ್ತಿತ್ತು, ಓದುವವರು ಒಂದು ಪದ್ಯ ಮುಗಿಸಿ ಇನ್ನೊಂದಕ್ಕೆ ಉಸಿರೆಳೆದುಕೊಳ್ಳುವ ಹಾಗೆ. ವಿಮಾನ ಬೀಳಲಿಲ್ಲ. ಜಾರಿತು.

“ತಲುಪುತ್ತಾ?” ಅಕ್ಕ ಹಿಂದಿನಿಂದ ಕೇಳಿದರು.

“ತಲುಪುತ್ತೆ.”

ಬೆಂಕಿಪೊಟ್ಟಣ ಪೆಟ್ಟಿಗೆಯಾಯಿತು. ಪೆಟ್ಟಿಗೆ ಮನೆಯಾಯಿತು.

“ಇನ್ನೂ?”

“ಇನ್ನೂ ತಲುಪುತ್ತೆ ತಾಯಿ. ಸುಮ್ಮನೆ ಕೈ ಬಿಟ್ಟು ಕೂತರೂ ಹೋಗಿ ತಾಗುತ್ತೆ.”

ಹೇಳಿದ ಮೇಲೆ ಆ ಮಾತಿನ ಅರ್ಥ ಅವರಿಗೇ ಹೊಳೆಯಿತು. ಅಷ್ಟರಲ್ಲಿ ಶೆಡ್ಡಿನ ತೆರೆದ ಬಾಗಿಲು ಕಾಣುತ್ತಿತ್ತು, ಅದರ ಮುಂದೆ ಕತ್ತೆತ್ತಿ ನಿಂತ ಇಬ್ಬರು, ಬೇಕರಿಯವನ ಬಿಳಿ ಏಪ್ರನ್ನು, ಡಾಕ್ಟರಮ್ಮ ಹಣೆಗೆ ಅಡ್ಡ ಹಿಡಿದ ಕೈ. ಕಚೇರಿಯವರೂ ಅವನಿಗೆ ಹೀಗೇ ಕಂಡಿರಬೇಕು, ಒಬ್ಬೊಬ್ಬರಾಗಿ, ಮುಖವಿದ್ದವರಾಗಿ. ಎಂಜಿನ್ನಿನ ಅಬ್ಬರದಲ್ಲಿ ಕಾಣದೇ ಇದ್ದದ್ದು ಈ ಮೌನದಲ್ಲಿ ಕಂಡಿತೋ ಏನೋ. ಅದು ದೇವರಿಗೇ ಗೊತ್ತು.

“ತಿರುಗಿಸಿ,” ಎಂದರು ಅಕ್ಕ. ಮೇಷ್ಟ್ರು ಹೇಳುವ ಮೊದಲೇ.

ಅವರು ತಿರುಗಿಸಿದರು. ಎಡಗಾಲಿನ ಪೆಡಲ್ಲನ್ನು ಒತ್ತಬೇಕಾಯಿತು, ಕೈಯಲ್ಲಿದ್ದ ಹಿಡಿಯನ್ನು ಜಗ್ಗಬೇಕಾಯಿತು, ಎರಡನ್ನೂ ಕೂಡಿ, ಭುಜ ನೋಯುವಷ್ಟು. ಬೇಲಿಯ ಕಂಬಗಳು ರೆಕ್ಕೆಯ ಕೆಳಗೆ ಸರ್ರನೆ ಸರಿದವು. ಮೇಷ್ಟ್ರು ಥ್ರಾಟಲ್ ಮುಂದಕ್ಕೊತ್ತಿದರು, ಅತ್ತೆಮ್ಮ ಗುಡುಗಿ ಮೇಲೆದ್ದಳು.

ಅಕ್ಕ ಹಿಂದಿನಿಂದ ಅವರ ಭುಜವನ್ನೇ ನೋಡುತ್ತಿದ್ದರು. “ತಾನಾಗಿ ತಿರುಗಲ್ಲ ಅದು,” ಎಂದರು.

“ಇಲ್ಲ ತಾಯಿ. ತಾನಾಗಿ ತಿರುಗಲ್ಲ.”

ಇಳಿದ ಮೇಲೆ ಆಕೆ ರೆಕ್ಕೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತರು. ಅತ್ತದ್ದು ಆಗ. ಡಾಕ್ಟರಮ್ಮ ಬಂದು ಪಕ್ಕದಲ್ಲಿ ನಿಂತರು. ಕಣ್ಣೊರೆಸಿಕೊಂಡ ಮೇಲೆ ಅಕ್ಕ ಗಡಿಯಾರದವರ ಹತ್ತಿರ ಬಂದರು.

“ಅಣ್ಣ, ನಾಳೆ ನೀವೂ ಬನ್ನಿ. ಪೆಟ್ರೋಲಿನ ಮಾತನ್ನೂ ಹೇಳಿಬಿಡೋಣ. ಇಲ್ಲದಿದ್ದರೆ ಅದು ಅರ್ಧ ಸತ್ಯ ಆಗುತ್ತೆ. ಕೊಲ್ಲೋಕೇ ಹೋದವನು ಅವನು, ಅದನ್ನೂ ಹೇಳ್ತೀನಿ. ಆಮೇಲೆ ಅವನೇ ತಿರುಗಿಸಿದ್ದನ್ನೂ.”

“ಬರ್ತೀನಮ್ಮ.”

“ವಿಚಾರಣೆ ಅಧಿಕಾರಿಗೂ ಬರೆದುಕೊಡಬೇಕು,” ಎಂದರು ಮೇಷ್ಟ್ರು. “ಲೈಸೆನ್ಸ್ ಒಂದು ವರ್ಷವಾದ್ರೂ ಹೋಗುತ್ತೆ. ಪೂರ್ತಿ ಹೋದ್ರೂ ಹೋಯ್ತು.”

“ಹೋಗಲಿ.”

“ಒಂದು ವರ್ಷ ನಮ್ಮೆಲ್ಲರ ಗಡಿಯಾರ ಸರಿಯಾಗಿ ನಡೆಯುತ್ತೆ ಬಿಡಿ,” ಎಂದ ಬೇಕರಿಯವನು. ಬ್ರೆಡ್ಡಿನ ಪೊಟ್ಟಣ ಬಿಚ್ಚಿ ಮೊದಲ ತುಂಡನ್ನು ಅಕ್ಕನಿಗೆ ಕೊಟ್ಟ. ಆಕೆ ತೆಗೆದುಕೊಂಡರು.

ಅವರೆಲ್ಲ ಒಳಗೆ ಹೋದ ಮೇಲೆ ಗಡಿಯಾರದವರು ಬಿಳಿ ವಿಮಾನವನ್ನು ಪಂಪಿನ ಹತ್ತಿರ ತಳ್ಳಿಕೊಂಡು ಹೋದರು. ಟ್ಯಾಂಕಿನ ಬಾಯಿಯಲ್ಲಿ ಪೆಟ್ರೋಲು ಕಣ್ಣಿಗೆ ಕಾಣುವವರೆಗೂ ತುಂಬಿದರು. ಸ್ವಲ್ಪ ಚೆಲ್ಲಿ ಕೈಯೆಲ್ಲ ಒದ್ದೆಯಾಯಿತು. ಹಾಗೇ ಬಂದು ಹಲಗೆಯ ಎರಡೂ ಸಾಲನ್ನು ಅಂಗೈಯಿಂದ ಒರೆಸಿದರು. ಸೀಮೆಸುಣ್ಣ ಬೆರಳಲ್ಲಿ ಜಾರಿತು, ನೆನೆಯಿತು, ಎರಡು ಸಲ ಮುರಿಯಿತು. ‘ಬಿಳಿ – ತುಂಬಿದೆ’ ಎಂದು ಬರೆದರು. ಅಕ್ಷರಗಳು ದಪ್ಪವಾಗಿ, ಸೊಟ್ಟಗೆ, ಈಗಷ್ಟೇ ಬರೆಯಲು ಕಲಿತವರ ಅಕ್ಷರದಂತೆ ಬಂದವು. ಅವರು ಅದನ್ನು ತಿದ್ದಲಿಲ್ಲ.